ಪುಟ್ಟಿಗೆ, ದಸರಾ ಮುಗಿದ ಮೇಲೆ

ನಜರ್‌ಬಾದ್, ಮೈಸೂರು

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಮೊದಲೆರಡು ಪುಟ ಖುಷಿಯಾಗಿ ಓದಿದೆ. ಕೊನೆಯ ಸಾಲು ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. 'ದೊಡ್ಡಮ್ಮ, ದೊಡ್ಡವಳಾದ ಮೇಲೆ ನನ್ನ ಮಗಳಿಗೆ ಹಬ್ಬ ಅಂದ್ರೆ ನನ್ನ ಏಟೇ ನೆನಪಾಗುತ್ತೇನೋ' ಅಂತ ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ನಿನ್ನ ಮಗಳು ಪಟ್ಟದ ಗೊಂಬೆ ಜೋಡಿಯ ರಾಣಿಯ ಕೈ ಮುರಿದಿದ್ದಕ್ಕೆ ನನಗೆ ಬೇಜಾರಿಲ್ಲ. ನಿಮ್ಮಮ್ಮ ನಿನ್ನ ಮದುವೆಗೆ ಎಷ್ಟು ಆಸೆಪಟ್ಟು ಆ ಜೋಡಿ ತಂದಳು ಅಂತ ಗೊತ್ತು. ಆದರೂ ಅದು ಮರದ ಗೊಂಬೆ. ಬೊಂಬೆ ಬಾಗಿನಕ್ಕೆ ಬಂದ ಮಕ್ಕಳೆಲ್ಲ ನೋಡುತ್ತಿದ್ದಾಗ ಹೊಡೆದೆ ಅಂದೆಯಲ್ಲ, ನನ್ನ ಮನಸ್ಸು ಅಲ್ಲೇ ನಿಂತುಬಿಟ್ಟಿದೆ. ನಿನ್ನನ್ನು ಬೈಯೋಕೆ ಬರೆಯುತ್ತಿಲ್ಲ. ನಾನೂ ಅದನ್ನೇ ಮಾಡಿದವಳು.

ಈ ವಿಷಯ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. 1986ರ ದಸರಾ. ನನ್ನ ಮಗನಿಗೆ, ಅಂದ್ರೆ ನಿಮ್ಮಣ್ಣನಿಗೆ, ಆರು ವರ್ಷ. ಆಗೆಲ್ಲ ಜಂಬೂಸವಾರಿ ನೋಡೋಕೆ ಮಂಡ್ಯ, ಮದ್ದೂರು, ನಂಜನಗೂಡಿನಿಂದ ನೆಂಟರು ಬಂದು ಹಜಾರದ ತುಂಬ ಹಾಸಿಕೊಂಡು ಮಲಗುತ್ತಿದ್ದರು. ಆ ವರ್ಷ ಇಪ್ಪತ್ತೆರಡು ಜನ. ನಾನು ನಾಲ್ಕು ಗಂಟೆಗೇ ಎದ್ದು ಒಲೆ ಮುಂದೆ ನಿಂತಿದ್ದೆ. ನೈವೇದ್ಯಕ್ಕೆ ಇಟ್ಟಿದ್ದ ರವೆ ಉಂಡೆಯನ್ನು ಅವನು ಎತ್ತಿಕೊಂಡು ಕಚ್ಚಿದ. ಹಸಿವಾಗಿತ್ತು ಮಗುವಿಗೆ. ಹತ್ತು ಗಂಟೆಯಾದರೂ ಏನೂ ಕೊಟ್ಟಿರಲಿಲ್ಲ ನಾನು. ನಮ್ಮತ್ತೆ ನೋಡಿದರು, ನೆಂಟರು ನೋಡಿದರು, ನನ್ನ ಮರ್ಯಾದೆ ಹೋಯಿತು ಅನ್ನಿಸಿತು. ಹಿತ್ತಲಿಗೆ ಎಳೆದುಕೊಂಡು ಹೋಗಿ ಹೊಡೆದೆ. 'ಇವತ್ತು ನಿನಗೆ ಆನೆ ಇಲ್ಲ' ಅಂದೆ. ಅಂದ ಹಾಗೇ ಮಾಡಿದೆ. ನಾವೆಲ್ಲ ಹೋಗಿ ಸಯ್ಯಾಜಿರಾವ್ ರಸ್ತೆಯಲ್ಲಿ ಕೂತೆವು. ಅವನು ಅಜ್ಜಿ ಜೊತೆ ಮನೆಯಲ್ಲಿ ಉಳಿದ. ಚಿನ್ನದ ಅಂಬಾರಿ ಕಣ್ಣ ಮುಂದೆ ಹಾದುಹೋಯಿತು. ಎಲ್ಲರೂ ಕೈ ಮುಗಿದರು, ನಾನೂ ಮುಗಿದೆ.

ಈಗ ಅವನು ಹಬ್ಬಕ್ಕೆ ಬರುವುದಿಲ್ಲ. 'ಜನ ಜಾಸ್ತಿ ಇರ್ತಾರಮ್ಮ, ಮುಗಿದ ಮೇಲೆ ಬರ್ತೀನಿ' ಅನ್ನುತ್ತಾನೆ. ಬರುತ್ತಾನೆ, ಎರಡು ದಿನ ಇರುತ್ತಾನೆ, ಚೆನ್ನಾಗಿಯೇ ಮಾತಾಡುತ್ತಾನೆ. ಅದಕ್ಕೂ ಆ ಏಟಿಗೂ ಸಂಬಂಧ ಇದೆಯೋ ಇಲ್ಲವೋ. ನಿನ್ನ ಸಾಲು ಓದಿ ನನ್ನ ಎದೆ ಯಾಕೆ ಡವಡವ ಅಂದಿತು ಅಂತ ಈಗ ನಿನಗೆ ಗೊತ್ತಾಗಿರಬೇಕು.

ಹೋದ ವರ್ಷ ಫೋನಿನಲ್ಲಿ ಧೈರ್ಯ ಮಾಡಿ ಕೇಳಿದೆ, ಆ ದಸರಾ ನೆನಪಿದೆಯಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. 'ಅಜ್ಜಿ ಸ್ಲೇಟಿನ ಮೇಲೆ ಆನೆ ಬರೆದುಕೊಟ್ಟಿದ್ರು. ಸೊಂಡಿಲು, ಬಾಲ ಎರಡೂ ಒಂದೇ ಥರ ಇತ್ತು' ಅಂದ. ಅಷ್ಟೇ. ಹೊಡೆದಿದ್ದನ್ನು ಮರೆತಿದ್ದಾನೋ, ನನಗೆ ನೋವಾಗುತ್ತೆ ಅಂತ ಬಾಯಿ ಬಿಡಲಿಲ್ಲವೋ. ಮತ್ತೆ ಕೇಳುವ ಧೈರ್ಯ ಬರಲಿಲ್ಲ. ಆ ಸಂಜೆ ಅವನ ಪಕ್ಕ ಕೂತವರು ನಮ್ಮತ್ತೆ. ವಾಪಸ್ ಬಂದ ಮೇಲಾದರೂ ನಾನು ಹೋಗಿ ಕೂರಬಹುದಿತ್ತು. ಪಾತ್ರೆ ತಿಕ್ಕುತ್ತಾ ಇದ್ದೆ.

ಅದಕ್ಕೇ, ನಿನ್ನ ಮಗಳು ಮರೆತುಬಿಡುತ್ತಾಳೆ ಅಂತ ಸುಮ್ನೆ ಸಮಾಧಾನಕ್ಕೆ ಹೇಳಲಾರೆ. ನೆನಪಿಟ್ಟುಕೊಳ್ಳಬಹುದು. ಆದರೆ ನೀನು ಹೊಡೆದು ಇನ್ನೂ ಹತ್ತೇ ದಿನ ಆಗಿದೆ. ಅವಳ ಪಕ್ಕ ಹೋಗಿ ಕೂತುಕೋ. 'ಅಮ್ಮ ಹೊಡೆದಿದ್ದು ತಪ್ಪು ಕಣೇ' ಅನ್ನು. 'ಆದರೆ ನೀನೂ ಮುಟ್ಟಬಾರದಿತ್ತು' ಅಂತ ಮಾತ್ರ ಅದರ ಬಾಲಕ್ಕೆ ಸೇರಿಸಬೇಡ.

ನಮ್ಮ ಮನೆಗೆ ಪ್ರತಿ ವರ್ಷ ಫಿರಂಗಿ ತಾಲೀಮಿನ ಸದ್ದು ಕೇಳಿಸುತ್ತೆ. ವಿಜಯದಶಮಿ ದಿನ 21 ಕುಶಾಲತೋಪು ಹಾರಿಸುವಾಗ ಆನೆ ಬೆದರಬಾರದು ಅಂತ ಮೊದಲೇ ಅರಮನೆ ಹತ್ತಿರ ಹಲವು ಸಲ ಸಿಡಿಸಿ ಕಿವಿಗೆ ಅಭ್ಯಾಸ ಮಾಡಿಸುತ್ತಾರೆ. ಅಂಬಾರಿ ಸುಮಾರು 750 ಕೆಜಿ. ಅದನ್ನೂ ಒಂದೇ ದಿನ ಹೊರಿಸುವುದಿಲ್ಲ. ಮೊದಲು ಮರಳು ಮೂಟೆ, ಆಮೇಲೆ ಮರದ ಅಂಬಾರಿ. ಆನೆಗೆ ಅಷ್ಟೊಂದು ಸಮಯ ಕೊಡ್ತೀವಿ. ಐದು ವರ್ಷದ ಕೂಸಿಗೆ ಚುಚ್ಚುವ ಜರಿ ಲಂಗ ಹಾಕಿ, ಬಿಗಿಯಾಗಿ ಜಡೆ ಹೆಣೆದು, ಗುರುತಿಲ್ಲದವರ ಮುಂದೆ ನಿಲ್ಲಿಸಿ, ಹಾಡು ಹೇಳು, ಕಾಲಿಗೆ ಬೀಳು, ಅದು ಮುಟ್ಟಬೇಡ ಅಂತೀವಿ. ಎಲ್ಲ ಒಂದೇ ಸಂಜೆಯಲ್ಲಿ. ಈ ಸಲ ಆ ಸದ್ದು ಕೇಳುವಾಗ ನನಗೆ ಇದೇ ಯೋಚನೆ. ಹಬ್ಬ ಮುಗಿದ ಮೇಲೆ ನಿನ್ನ ಪತ್ರ ಬಂತು.

ನಾನು ಹೇಳೋದು ಸರಿಯೋ ತಪ್ಪೋ, ಹಬ್ಬದ ದಿನ ಪೂಜೆಗೆ ಮೊದಲೇ ಅವಳಿಗೆ ಏನಾದರೂ ತಿನ್ನಿಸಿಬಿಡು. ನಮ್ಮತ್ತೆ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ದೇವರು ಕಾಯುತ್ತಾನೆ, ಮಗುವಿನ ಹೊಟ್ಟೆ ಕಾಯಲ್ಲ. ಮತ್ತೆ ಮುಂದಿನ ವರ್ಷ ಒಂಬತ್ತು ಮೆಟ್ಟಿಲು ಯಾಕೆ? ನೀನು ಕೆಲಸಕ್ಕೂ ಹೋಗುವವಳು. ಮೂರು ಸಾಕು, ಅದೂ ಬೆಸ ಸಂಖ್ಯೆಯೇ. ಕೆಳಗೆ ರಾಗಿ ಮೊಳಕೆ ಬರಿಸಿ ಪಾರ್ಕು ಮಾಡ್ತೀವಲ್ಲ, ಅದನ್ನು ಅವಳಿಗೆ ಬಿಟ್ಟುಬಿಡು. ಡೈನೋಸಾರ್ ಇಟ್ಟರೂ ಇಡಲಿ. ಇದೆಲ್ಲ ನಿನಗೆ ತಿಳಿಯದ್ದೇನಲ್ಲ, ಅಲ್ವಾ? ಬರೆಯುತ್ತಾ ಕೂತರೆ ನನಗೆ ಮತ್ತೆ ಮತ್ತೆ ಆ ಸಾಲೇ ಕಣ್ಣ ಮುಂದೆ ಬರುತ್ತೆ. ಸಿಟ್ಟು ಬಂದಾಗ ಒಳಗೆ ಹೋಗಿ ಒಂದು ಲೋಟ ನೀರು ಕುಡಿ ಅನ್ನೋಣ ಅಂದುಕೊಂಡೆ. ನನ್ನ ಕೈಲಿ ಆಗ ಆಗಲಿಲ್ಲ, ನಿನಗೆ ಹೇಗೆ ಹೇಳಲಿ.

ನಿಮ್ಮಣ್ಣನಿಗೆ ನಾನೂ ಇನ್ನೂ ತಪ್ಪಾಯ್ತು ಅಂತ ಹೇಳಿಲ್ಲ. ಭಾನುವಾರ ಫೋನ್ ಮಾಡುತ್ತೇನೆ.

ದೀಪಾವಳಿಗೆ ನೀವು ಇಲ್ಲಿಗೇ ಬನ್ನಿ, ನೀರು ತುಂಬುವ ಹಬ್ಬದ ಸಂಜೆಗೇ. ಬೇರೆ ಯಾರನ್ನೂ ಕರೆಯುವುದಿಲ್ಲ. ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಅವಳೇ ಬಳಿಯಲಿ. ರಾಣಿ ಗೊಂಬೆಯನ್ನೂ ತನ್ನಿ. ಮುರಿದ ಕೈ ಎಸೆದಿಲ್ಲ ತಾನೇ? ಅದನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಯಲ್ಲೇ ಕೊಡು, ಜೋಪಾನವಾಗಿ ತರುತ್ತಾಳೆ. ನಾವಿಬ್ಬರೂ ಕೂತು ಅಂಟಿಸುತ್ತೇವೆ.

ನಿನ್ನ ದೊಡ್ಡಮ್ಮ