ತೆಗೆಸಿದವರು ಯಾರು, ಮೊದಲು ಅದನ್ನು ಹೇಳಿ

ಸಂಪಾದಕರೇ,

ಲ್ಯಾಕ್‌ಲ್ಯಾಂಡ್ ವಾಯುನೆಲೆಯ ಸುದ್ದಿ ಎಲ್ಲರೂ ಓದಿದ್ದಾರೆ. 2025ರ ಜನವರಿಯಲ್ಲಿ, ವೈವಿಧ್ಯ ಕಾರ್ಯಕ್ರಮಗಳನ್ನು ನಿಲ್ಲಿಸಿ ಎಂಬ ಶ್ವೇತಭವನದ ಆದೇಶ ಬಂದ ಬೆನ್ನಲ್ಲೇ ಹೊಸ ಸೈನಿಕರ ಪಾಠದಿಂದ ಟಸ್ಕೆಗೀ ಪೈಲಟ್‌ಗಳ ವಿಡಿಯೋ ತೆಗೆದರು. ಅಲಬಾಮಾದ ಟಸ್ಕೆಗೀಯಲ್ಲಿ ತರಬೇತಿ ಪಡೆದು ಎರಡನೇ ಮಹಾಯುದ್ಧದಲ್ಲಿ ಹಾರಿದ, ಅಮೆರಿಕ ಸೇನೆಯ ಮೊದಲ ಕಪ್ಪು ಪೈಲಟ್‌ಗಳು ಇವರು. ಅದೇ ಯುದ್ಧಕಾಲದ ಮಹಿಳಾ ಪೈಲಟ್‌ಗಳದ್ದನ್ನೂ ತೆಗೆದರು. ಗಲಾಟೆಯಾದ ಮೇಲೆ ವಾಪಸ್ ಹಾಕಿದರು. "ಸರಿಹೋಯ್ತಲ್ಲ, ಇನ್ನೇನು?" ಅಂತ ಇಲ್ಲಿನ ನಮ್ಮ ಕನ್ನಡದವರೇ ಕೇಳುತ್ತಾರೆ. ಏನೂ ಸರಿಹೋಗಿಲ್ಲ.

ನಾವು ಇರುವುದು ಇದೇ ಸ್ಯಾನ್ ಆಂಟೋನಿಯೊದಲ್ಲಿ. ಫೆಬ್ರವರಿಯ ಬ್ಲ್ಯಾಕ್ ಹಿಸ್ಟರಿ ಮಂತ್‌ಗೆ ಮಗಳು ಟಸ್ಕೆಗೀ ಪೈಲಟ್‌ಗಳ ನಾಯಕ ಜನರಲ್ ಬೆಂಜಮಿನ್ ಓ. ಡೇವಿಸ್ ಜೂನಿಯರ್ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದಳು. ಚಾರ್ಟಿಗೆ ಫೋಟೋ ಅಂಟಿಸಿಯೂ ಆಗಿತ್ತು. ಅಷ್ಟರಲ್ಲಿ ಶಾಲೆಯಿಂದ ಸಂದೇಶ: ಸದ್ಯಕ್ಕೆ ಇದು ಬೇಡ, ಬೇರೆ ಯಾರನ್ನಾದರೂ ಆರಿಸಿ. ಯಾಕೆ ಅಂದರೆ ಮೇಲಿನವರನ್ನು ಕೇಳಿ ಅಂದರು. ಮೇಲಿನವರು ಫೋನ್ ಎತ್ತುವುದಿಲ್ಲ. ಕೆಲಸಕ್ಕೆ ರಜೆ ಹಾಕಿ ಹೋದರೆ ಅಪಾಯಿಂಟ್‌ಮೆಂಟ್ ಇಲ್ಲ ಅಂತ ಬಾಗಿಲಲ್ಲೇ ತಡೆದರು. ಮಗು ಅಳುತ್ತಾ ಮಲಗಿತು. ವಿಡಿಯೋ ವಾಪಸ್ ಬಂದರೂ ಶಾಲೆಯವರು ತುಟಿ ಬಿಚ್ಚಿಲ್ಲ.

ಎಂಥ ಮನುಷ್ಯನ ವಿಷಯ ಇದು, ಸ್ವಲ್ಪ ನೋಡಿ. 1932ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ ಸೇರಿದ ಕಪ್ಪು ಯುವಕ ಡೇವಿಸ್ ಜತೆ ನಾಲ್ಕು ವರ್ಷ ಯಾರೂ ಮಾತಾಡಲಿಲ್ಲ. ಕರ್ತವ್ಯಕ್ಕೆ ಬೇಕಾದಷ್ಟು ಮಾತು, ಅಷ್ಟೇ. ರೂಮಿನಲ್ಲಿ ಒಬ್ಬರೇ, ಊಟಕ್ಕೂ ಒಬ್ಬರೇ. ತಾನಾಗಿ ಬಿಟ್ಟು ಹೋಗಲಿ ಅಂತ ಹಾಕಿದ ಬಹಿಷ್ಕಾರ. ಅವರು ಬಿಟ್ಟು ಹೋಗಲಿಲ್ಲ. 1936ರಲ್ಲಿ 276 ಮಂದಿಯಲ್ಲಿ 35ನೆಯವರಾಗಿ ಪಾಸಾದರು. ವಿಮಾನ ಹಾರಿಸುತ್ತೇನೆ ಅಂದರೆ, ಕಪ್ಪು ಜನರ ದಳವೇ ಇಲ್ಲ ಅಂತ ಅರ್ಜಿ ತಿರಸ್ಕರಿಸಿದರು. ಪೈಲಟ್ ಆಗುವಷ್ಟರಲ್ಲಿ 1942ರ ಮಾರ್ಚ್ ಬಂತು. ಟಸ್ಕೆಗೀಯ ಮೊದಲ ತಂಡದಲ್ಲಿ ತೇರ್ಗಡೆಯಾದವರು ಐದೇ ಜನ.

ಕುರ್ಚಿ ಮೇಲೆ ಕೂತವರ ಚಾಳಿ ಮಾತ್ರ ಅಂದಿಗೂ ಇಂದಿಗೂ ಒಂದೇ. 1925ರಲ್ಲೇ ಆರ್ಮಿ ವಾರ್ ಕಾಲೇಜ್, ಕಪ್ಪು ಜನ ಯುದ್ಧಕ್ಕೆ ಲಾಯಕ್ಕಲ್ಲ ಎಂಬರ್ಥದ ವರದಿ ಬರೆದಿಟ್ಟಿತ್ತು. 1943ರಲ್ಲಿ ಡೇವಿಸ್ ಅವರ 99ನೇ ಸ್ಕ್ವಾಡ್ರನ್ ಕಾಳಗಕ್ಕಿಳಿದು ಕೆಲವೇ ತಿಂಗಳಾಗಿತ್ತು. ಇವರಲ್ಲಿ ಕೆಚ್ಚಿಲ್ಲ ಅಂತ ಮೇಲಧಿಕಾರಿಗಳು ದೂರಿದರು. ಡೇವಿಸ್ ವಾಷಿಂಗ್ಟನ್‌ಗೆ ಬಂದು ಸಮಿತಿ ಮುಂದೆ ಉತ್ತರ ಕೊಡಬೇಕಾಯಿತು. ಆಮೇಲೆ ಅವರ 332ನೇ ಫೈಟರ್ ಗ್ರೂಪ್‌ನ ಕೆಂಪು ಬಾಲದ ವಿಮಾನಗಳು ಇಟಲಿಯಿಂದ ಬರ್ಲಿನ್‌ವರೆಗೂ ಬಾಂಬರ್‌ಗಳಿಗೆ ಬೆಂಗಾವಲಾಗಿ ಹೋದವು. ಅಷ್ಟಾದರೂ ಬುದ್ಧಿ ಬಂತಾ? 1945ರ ಏಪ್ರಿಲ್‌ನಲ್ಲಿ ಇಂಡಿಯಾನಾದ ಫ್ರೀಮನ್ ಫೀಲ್ಡ್‌ನಲ್ಲಿ ಕಪ್ಪು ಅಧಿಕಾರಿಗಳು ಬಿಳಿಯರ ಕ್ಲಬ್ಬಿಗೆ ಕಾಲಿಟ್ಟರು ಅಂತ ಹಿಡಿದು ಹಾಕಿದರು. ಆ ತಪ್ಪು ಒಪ್ಪಿಕೊಂಡು ದಾಖಲೆ ತಿದ್ದಲು ಶುರು ಮಾಡಿದ್ದು 1995ರಲ್ಲಿ! ಅರ್ಧ ಶತಮಾನ!

ಡೇವಿಸ್ 1954ರಲ್ಲಿ ಅಮೆರಿಕದ ವಾಯುಪಡೆಯ ಮೊದಲ ಕಪ್ಪು ಜನರಲ್ ಆದರು. 1970ರಲ್ಲಿ ಮೂರು ನಕ್ಷತ್ರದ ಜನರಲ್ ದರ್ಜೆಯೊಂದಿಗೆ ನಿವೃತ್ತಿ. ನಾಲ್ಕನೆಯ ನಕ್ಷತ್ರ ಸಿಕ್ಕಿದ್ದು 1998ರಲ್ಲಿ, ಅವರಿಗೆ 85 ದಾಟಿದ ಮೇಲೆ. ಕೊಡುವುದಕ್ಕೆ 28 ವರ್ಷ, ತೆಗೆಯುವುದಕ್ಕೆ ಒಂದು ದಿನವೂ ಬೇಡ.

ವಿಡಿಯೋ ತೆಗೆಸಿದವರ ಹೆಸರು ಹೊರಗೆ ಬರಲಿ. ಹೆಸರು ಹೇಳಲು ಆಗದಿದ್ದರೆ ಕ್ಷಮೆಯನ್ನಾದರೂ ಕೇಳಲಿ, ಎರಡೂ ಮಾಡಿದರೆ ಇನ್ನೂ ಒಳ್ಳೆಯದು. ಶಾಲೆಗಳಿಗೆ ಸರಿಯಾದ ಸೂಚನೆ ಹೋಗಲಿ. ಫೋನ್ ಎತ್ತಲಿ. ಮೇಲಿಂದ ಒಂದು ಕಾಗದ ಬಂದ ತಕ್ಷಣ ಹಿಂದೆ ಮುಂದೆ ನೋಡದೆ ಕತ್ತರಿ ಹಿಡಿಯುವವರಿಗೆ ನಾಚಿಕೆಯಾಗಬೇಕು. ಓದಿದವರು, ಸಂಬಳ ತಗೊಳ್ಳುವವರು, ಇಷ್ಟೂ ಯೋಚನೆ ಬೇಡವಾ?

— ಒಬ್ಬ ಓದುಗ, ಸ್ಯಾನ್ ಆಂಟೋನಿಯೊ, ಟೆಕ್ಸಾಸ್