ಒಡೆದ ಮನೆಯಿಂದಲೂ ಜಲ್ಲಿ ಸಿಗುತ್ತದೆ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಹಳೇ ಮನೆ ಒಡೆದು ನಾಲ್ಕು ಮಹಡಿ ಏರಿಸುವುದು ಈಗ ಮಾಮೂಲು. ಒಡೆದ ಕಾಂಕ್ರೀಟ್ ರಾತ್ರಿ ಹೊತ್ತು ಕೆರೆ ಅಂಚಿಗೋ ರಾಜಕಾಲುವೆಗೋ ಬೀಳುತ್ತದೆ. ಹೊಸ ಮನೆಗೆ ಜಲ್ಲಿ ಮಾತ್ರ ಊರಾಚೆಯ ಗುಡ್ಡ ಸಿಡಿಸಿಯೇ ಬರಬೇಕು. ಇದೆಂಥ ಲೆಕ್ಕ?

ಅದೇ ಕಾಂಕ್ರೀಟನ್ನು ಕ್ರಷರ್‌ಗೆ ಹಾಕಿ, ಕಬ್ಬಿಣ ತೆಗೆದು, ಜರಡಿ ಹಿಡಿದರೆ ಮತ್ತೆ ಜಲ್ಲಿ ಸಿಗುತ್ತದೆ. ಕಾಂಕ್ರೀಟಿಗೆ ಬಳಸುವ ಜಲ್ಲಿ, ಮರಳಿನ ಭಾರತೀಯ ಮಾನದಂಡವಾದ ಐಎಸ್ 383, 2016ರಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಎಂ25ವರೆಗಿನ (ಎಂ ಅಂದರೆ ಕಾಂಕ್ರೀಟಿನ ಬಲದ ದರ್ಜೆ) ಆರ್‌ಸಿಸಿಯಲ್ಲಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟಿನಲ್ಲಿ, ಒಟ್ಟು ಜಲ್ಲಿಯ ಶೇ 20, ಕಂಬಿ ಇಲ್ಲದ ಕಾಂಕ್ರೀಟಿನಲ್ಲಿ ಶೇ 25, ಎಂ15ಕ್ಕಿಂತ ಕಡಿಮೆ ದರ್ಜೆಯ, ಪಾಯದಡಿ ಹಾಸುವ ಬೆಡ್ ಕಾಂಕ್ರೀಟಿಗೆ ಪೂರ್ತಿ ಇದನ್ನೇ ಬಳಸಬಹುದು.

ಹಾಗಂತ ಇಂಗಾಲ ಮಾಲಿನ್ಯ ಭಾರೀ ಇಳಿದುಬಿಡುತ್ತದೆ ಎಂದು ಸುಮ್ನೆ ಹೇಳುವುದೂ ಬೇಡ. ಕಾಂಕ್ರೀಟಿನ ಇಂಗಾಲದಲ್ಲಿ ದೊಡ್ಡ ಪಾಲು ಸಿಮೆಂಟಿನದು, ಜಲ್ಲಿಯದಲ್ಲ. ಹಳೇ ಗಾರೆ ಅಂಟಿಕೊಂಡಿರುವ ಜಲ್ಲಿ ನೀರು ಜಾಸ್ತಿ ಕುಡಿಯುತ್ತದೆ. ಬಲ ಕಡಿಮೆಯಾಯಿತು ಅಂತ ಇನ್ನಷ್ಟು ಸಿಮೆಂಟ್ ಸುರಿದರೆ ಉಳಿಸಿದ್ದೂ ಹೋಯಿತು. ಲಾರಿ ತುಂಬಾ ದೂರ ಓಡಿದರೂ ಅಷ್ಟೇ. ನಿಜವಾದ ಲಾಭ ಗುಡ್ಡಕ್ಕೆ, ಕೆರೆಗೆ. ಅದೇನು ಸಣ್ಣದಲ್ಲ, ಅಲ್ವಾ?

ಚಿಕ್ಕಜಾಲದಲ್ಲಿ ಇಂಥ ಒಡೆದ ಕಾಂಕ್ರೀಟಿನ ಸಂಸ್ಕರಣಾ ಘಟಕವಿದೆ. ಅದಿರುವುದು ನಗರದ ಉತ್ತರಕ್ಕೆ. ದಕ್ಷಿಣದ ಜೆ.ಪಿ. ನಗರದ ಟ್ರ್ಯಾಕ್ಟರ್‌ನವರು ಅಷ್ಟು ದೂರ ಹೋಗುತ್ತಾರಾ? ದಿಕ್ಕಿಗೊಂದು ಸಂಗ್ರಹ ಜಾಗ ಬೇಕು. ಜೊತೆಗೆ ಫುಟ್‌ಪಾತ್, ಚರಂಡಿ ಕಾಮಗಾರಿಗಳ ಟೆಂಡರಿನಲ್ಲಿ ಈ ಜಲ್ಲಿಯನ್ನು ಕಡ್ಡಾಯ ಮಾಡಲಿ. ಗುತ್ತಿಗೆದಾರರ ಬಿಲ್ ಪಾಸ್ ಮಾಡುವ ಮುಂಚೆ ಘಟಕದ ರಸೀದಿ ಕೇಳಲಿ.

– ಒಬ್ಬ ಓದುಗ, ಬೆಂಗಳೂರು