ಮಂಡಿ ಆಪರೇಷನ್ ಆಗಿ ಮೂರು ತಿಂಗಳು: ನನ್ನನ್ನು ನಡೆಸಿದವರಿಗೆ ನಮಸ್ಕಾರ

ನಿನ್ನೆಗೆ ನನ್ನ ಬಲಮಂಡಿ ಬದಲಾಯಿಸಿ 3 ತಿಂಗಳು ತುಂಬಿತು. ಇವತ್ತು ಬೆಳಿಗ್ಗೆ ಮಹಡಿಯಿಂದ ಒಬ್ಬಳೇ ಇಳಿದು ಬಂದು ಬಾಗಿಲ ಮುಂದೆ ರಂಗೋಲಿ ಹಾಕಿದೆ. ನಿಂತು ಬಗ್ಗಿಯೇ ಹಾಕಿದ್ದು, ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ. ಆದರೂ ಎಷ್ಟು ವರ್ಷದ ಮೇಲೆ!

ಆಪರೇಷನ್ ಮಾಡಿದ ಡಾಕ್ಟರಿಗೂ ನರ್ಸ್‌ಗಳಿಗೂ ನಾನು ಋಣಿ. ಆದರೆ ಮನೆಗೆ ಬಂದ ಮೇಲೆ ಕೈಹಿಡಿದವರು ನಮ್ಮ ಫಿಸಿಯೋಥೆರಪಿ ಮೇಡಂ. ಡಿಸ್ಚಾರ್ಜ್ ದಿನ ಕೊಟ್ಟ ಹಾಳೆ ಪೂರ್ತಿ ಇಂಗ್ಲಿಷಲ್ಲಿತ್ತು. ನಾನು ಅದನ್ನು ಸುಮ್ನೆ ತಿರುಗಿಸಿ ನೋಡುತ್ತಿದ್ದದ್ದು ಅವರ ಕಣ್ಣಿಗೆ ಬಿತ್ತು. ಅವತ್ತು ಸಂಜೆಯೇ ಕನ್ನಡದಲ್ಲಿ ಪುಟ್ಟ ಪುಟ್ಟ ವಿಡಿಯೊ ಮಾಡಿ ವಾಟ್ಸಾಪಿಗೆ ಕಳಿಸಿದರು. "ಅಮ್ಮಾ, ಪಾದ ಮೇಲೆ ಕೆಳಗೆ ಆಡಿಸ್ತಾ ಇರಿ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು" ಎಂದು ಕಾರಣವನ್ನೂ ಹೇಳಿದ್ದರು. ಯಾಕೆ ಅಂತ ಗೊತ್ತಾದರೆ ನೋವಿದ್ದರೂ ಮಾಡಬೇಕು ಅನಿಸುತ್ತದೆ, ಅಲ್ವಾ?

ಮಂಡಿ ಕೆಳಗೆ ದಿಂಬಿಟ್ಟರೆ ಹಾಯೆನಿಸುತ್ತಿತ್ತು. ಎರಡು ರಾತ್ರಿ ಹಾಗೇ ಮಲಗಿದೆ. ಮೂರನೆಯ ರಾತ್ರಿ ನಿದ್ದೆ ಬಾರದೆ ವಿಡಿಯೊ ಹಾಕಿದರೆ ಅದರಲ್ಲೇ ಇತ್ತು: ದಿಂಬಿಟ್ಟರೆ ಕಾಲು ಮಡಚಿದ ಹಾಗೇ ಬಿಗಿದುಕೊಳ್ಳುತ್ತದೆ, ಹಿಮ್ಮಡಿ ಕೆಳಗೆ ಟವೆಲ್ ಸುತ್ತಿಡಿ ಅಂತ. ಎರಡು ಗಂಟೆ ರಾತ್ರಿಯಲ್ಲಿ ಸೊಸೆಯನ್ನು ಎಬ್ಬಿಸಿದೆ. ಅವಳು ಒಂದು ಮಾತೂ ಆಡದೆ ದಿಂಬು ತೆಗೆದು ಟವೆಲ್ ಇಟ್ಟಳು. ಹಿಮ್ಮಡಿ ಜಾರಿಸಿ ಮಂಡಿ ಮಡಚುವಾಗ ಬೆಡ್‌ಶೀಟ್ ತಡೆಯುತ್ತದೆಂದು ಪ್ಲಾಸ್ಟಿಕ್ ಕವರ್ ಹಾಸಿಕೊಟ್ಟವಳೂ ಅವಳೇ. ಹೊಲಿಗೆ ತೆಗೆಯುವ ಹೊತ್ತಿಗೆ 90 ಡಿಗ್ರಿ ಮಡಚುತ್ತಿತ್ತು. ಈಗ 115. ಆ ಹುಡುಗಿಯ ಋಣ ದೊಡ್ಡದು.

ಗಾಯದ ಪಕ್ಕ ಜೋಮು ಹಿಡಿದಾಗ, ನಡೆಯುವಾಗ ಮಂಡಿ ಟಕ್ ಎಂದಾಗ ಹೆದರಿ ವಾಯ್ಸ್ ಮೆಸೇಜ್ ಹಾಕುತ್ತಿದ್ದೆ. ಹೆದರಬೇಡಿ, ಇದು ಆಗುವಂಥದ್ದೇ ಎಂದು ಮೇಡಂ ಸಮಾಧಾನ ಹೇಳುತ್ತಿದ್ದರು. ಒಮ್ಮೆ ಮೀನಖಂಡ ಊದಿ ನೋವು ಬಂದಾಗ ಮಾತ್ರ "ಈಗಲೇ ಹೊರಟು ಬನ್ನಿ" ಎಂದರು. ರಕ್ತ ಹೆಪ್ಪುಗಟ್ಟಿದೆಯೇನೋ ಎಂಬ ಭಯ. ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ, ಸದ್ಯ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ಅವರಿಂದಲೇ ಕಲಿತೆ.

"ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು" ಎಂದು ಪ್ರತಿ ಮೆಟ್ಟಿಲಿಗೂ ಕೂಗಿ ಹೇಳುತ್ತಿದ್ದ ಮೊಮ್ಮಗನಿಗೆ ಒಂದು ಮುತ್ತು.

ಮುಂದಿನ ವಾರ ಪಕ್ಕದ ಬೀದಿಯ ಅಕ್ಕನಿಗೆ ಇದೇ ಆಪರೇಷನ್. ನನ್ನ ವಾಕರ್ ಆಗಲೇ ಅವರ ಮನೆ ಸೇರಿದೆ. ಮೇಡಂ ಅವರನ್ನು ಕೇಳಿ ವಿಡಿಯೊಗಳನ್ನೂ ಕಳಿಸಿದ್ದೇನೆ. ದಿಂಬಿನ ವಿಡಿಯೊ ಮೊದಲು ನೋಡಿ ಅಂತ ಹೇಳಿದ್ದೇನೆ.